ಚಾರ್ಮಾಡಿ ಘಾಟಿ ಇಳೀಬೇಕು, ಮಗಳಿಗೆ ಬಸ್ಸು ಕಾರು ಯಾವುದೂ ಆಗಲ್ಲ, ಏನ್ ಮಾಡ್ಲಿ?

ಪುಟ್ಟಿಯಮ್ಮ:
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನನ್ನ ತಮ್ಮನ ಮದುವೆ, ಹುಡುಗಿ ಮನೆ ಉಜಿರೆ ಹತ್ರ. ಬೆಂಗಳೂರಿಂದ ಟಿಟಿ (ಟೆಂಪೋ ಟ್ರಾವೆಲರ್) ಮಾಡ್ಕೊಂಡು ಹದಿನಾಲ್ಕು ಜನ ಹೊರಟಿದೀವಿ. ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಆಮೇಲೆ ಚಾರ್ಮಾಡಿ. ಮಗಳಿಗೆ ಏಳು ವರ್ಷ. ಹೋದ ವರ್ಷ ಮಡಿಕೇರಿಗೆ ಹೋದಾಗ ಸುಂಟಿಕೊಪ್ಪದಿಂದ ಮಡಿಕೇರಿ ಮುಟ್ಟೋಷ್ಟರಲ್ಲಿ ನಾಲ್ಕು ಸಲ ವಾಂತಿ, ಕೊನೇ ಸಲ ಬರೀ ಹಳದಿ ನೀರು. ಎರಡು ದಿನ ಟ್ರಿಪ್‌ನಲ್ಲಿ ಒಂದು ದಿನ ರೂಮಲ್ಲೇ ಮಲಗಿದ್ಲು.

ಈಗ ಮನೇಲಿ ಮೂರು ಪಕ್ಷ ಆಗಿದೆ. ನಮ್ಮತ್ತೆ ಸೀಟಿನ ಮೇಲೆ ನ್ಯೂಸ್ ಪೇಪರ್ ಹಾಸಿ ಕೂರಿಸು ಅಂತಾರೆ. ನಮ್ಮೆಜಮಾನ್ರು ಅದೆಲ್ಲಾ ಮನಸ್ಸಿನದು, ನೀನು ಹೊರಡೋ ಮುಂಚೆನೇ ಕವರ್ ಕವರ್ ಅಂತ ಹುಡುಕ್ತೀಯಲ್ಲ ಅದನ್ನ ನೋಡೇ ಅವಳಿಗೆ ಬರೋದು ಅಂತಾರೆ. ಪಕ್ಕದ ಮನೆಯವರು ಮಾತ್ರೆ ಅಂತಾರೆ. ನಿಮಗೆ ಅನುಭವ ಇದ್ರೆ ಹೇಳಿ. ಮದುವೆ ಮನೆಗೆ ಹೋಗಿ ಮಗು ಬಾಡಿ ಹೋಗಿದ್ರೆ ಯಾರಿಗೆ ಬೇಕು.

ಮೈಸೂರ್ ಮಲ್ಲಿಗೆ_62:
ನಿಮ್ಮತ್ತೆ ಹೇಳಿದ್ದು ಸರಿ ಕಣಮ್ಮ. ನಮ್ಮ ಕಾಲದಲ್ಲಿ ಪೇಪರ್ ಹಾಸ್ಕೊಂಡೇ ಧರ್ಮಸ್ಥಳ ಸುಬ್ರಹ್ಮಣ್ಯ ಎಲ್ಲಾ ಮಾಡಿದ್ದು. ಕೈಯಲ್ಲಿ ಒಂದು ನಿಂಬೆಹಣ್ಣು, ಅಷ್ಟೇ.

ಲಾಜಿಕ್ ಲಕ್ಕಪ್ಪ:
ಪೇಪರ್ ಯಾವುದಾದ್ರೂ ಆಗುತ್ತಾ ಅಥವಾ ಭಾನುವಾರದ ಪುರವಣಿನೇ ಬೇಕಾ

ಮೈಸೂರ್ ಮಲ್ಲಿಗೆ_62:
ಆಡ್ಕೋಬೇಡಪ್ಪ. ನನಗೆ ಆಗಿದೆ, ಅದಕ್ಕೆ ಹೇಳ್ದೆ.

ಕುಡ್ಲದ ಕಿಟ್ಟ:
ಪೇಪರ್ ಎಂತ ಮಾಡ್ತದೆ ಮಾರಾಯ್ರೆ. ಮೊದಲಿನ ಬಸ್ಸಿನಲ್ಲಿ ರೆಕ್ಸಿನ್ ಸೀಟು, ಬೆವರು, ಡೀಸೆಲ್ ವಾಸನೆ. ಪೇಪರ್ ಹಾಕಿದ್ರೆ ಸ್ವಲ್ಪ ಒಣಗಿ ಕೂತ ಹಾಗೆ ಆಗ್ತಿತ್ತು, ಅಷ್ಟೇ ಇರ್ಬೇಕು. ಆದ್ರೆ ನಂಬಿಕೆ ಇದ್ರೆ ಹಾಕಿ, ನಷ್ಟ ಇಲ್ಲ. ನಾನು ಸಣ್ಣದಿರುವಾಗ ವಾರಕ್ಕೊಮ್ಮೆ ಚಾರ್ಮಾಡಿ ಹತ್ತಿ ಇಳ್ದವ. ಒಂದು ಮಾತು ನೆನಪಿಡಿ, ಟಿಟಿಯಲ್ಲಿ ಮಗುವನ್ನು ಹಿಂದಿನ ಸೀಟಲ್ಲಿ ಕೂರಿಸಿದ್ರೆ ಪೇಪರ್ ಅಲ್ಲ, ಗ್ರಂಥ ಹಾಸಿದ್ರೂ ಕಾರ್ತದೆ. ಹಿಂದಿನ ಚಕ್ರದಿಂದ ಆಚೆ ಇರುವ ಸೀಟು ತಿರುವಲ್ಲಿ ತೊಟ್ಟಿಲ ಹಾಗೆ ಬೀಸ್ತದೆ. ಡ್ರೈವರ್ ಬೆನ್ನ ಹಿಂದಿನ ಸಾಲು ಹಿಡಿರಿ, ಎದುರಿನ ಗ್ಲಾಸಲ್ಲಿ ರಸ್ತೆ ಕಾಣ್ಬೇಕು.

ಸ್ಟೇರಿಂಗ್ ಸೀನ:
ಹದಿನೆಂಟು ವರ್ಷದಿಂದ ಟಿಟಿ ಓಡಿಸ್ತಾ ಇದೀನಿ, ನನ್ನ ಮಾತೂ ಕೇಳಿ. ಮದುವೆ ಪಾರ್ಟಿ ಅಂದ್ರೆ ಮುಂದಿನ ಸೀಟು ಯಾವಾಗ್ಲೂ ದೊಡ್ಡೋರಿಗೆ, ಮಾವನೋರು, ಚಿಕ್ಕಪ್ಪನೋರು, ಕಾಲು ಚಾಚ್ಕೊಂಡು ನಿದ್ದೆ ಹೊಡ್ಕೊಂಡು ಬರ್ತಾರೆ. ವಾಂತಿ ಮಾಡೋ ಮಕ್ಕಳೆಲ್ಲ ಹಿಂದೆ, ಲಗೇಜ್ ಜೊತೆ. ಘಾಟಿ ಅರ್ಧ ಇಳಿದ ಮೇಲೆ "ಡ್ರೈವರೇ ಸೈಡಿಗೆ ಹಾಕಿ ಸೈಡಿಗೆ ಹಾಕಿ" ಅಂತ ಕಿರುಚ್ತಾರೆ. ಚಾರ್ಮಾಡೀಲಿ ಎಲ್ಲಿ ಸೈಡಿದೆ ಸ್ವಾಮಿ? ಒಂದು ಕಡೆ ಗುಡ್ಡ, ಒಂದು ಕಡೆ ತಡೆಗೋಡೆ, ಹಿಂದೆ ಬಸ್ಸು ಹಾರ್ನ್ ಹೊಡೀತಿರುತ್ತೆ. ಹೊರಡೋ ಮುಂಚೆನೇ ಸೀಟ್ ಹಂಚ್ಕೊಳಿ. ಮಾವನೋರು ಬೇಜಾರ್ ಮಾಡ್ಕೊಂಡ್ರೆ ಮಾಡ್ಕೊಳ್ಲಿ.

ಪುಟ್ಟಿಯಮ್ಮ:
ಅಯ್ಯೋ ಸೀನಣ್ಣ, ನಮ್ಮ ಮನೇಲಿ ಇದೇ ಆಗೋದು. ನಮ್ಮ ಮಾವನವರಿಗೆ ಮಂಡಿ ನೋವು ಅಂತ ಮುಂದಿನ ಸೀಟು ಆಗಲೇ ಬುಕ್ ಆಗಿದೆ 😄

ಬೆಳಗಾವಿ_ಬಸು:
ನಮ್ಮ ಕಡೆ ಎಲ್ಲಾ ಸೀದಾ ರೋಡ್ರಿ, ಈ ತ್ರಾಸ ಭಾಳ ಇಲ್ಲ. ಆದ್ರ ನಾ ಒಮ್ಮೆ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯಾಗ ಅಂಕೋಲಾ ಬರೂದ್ರಾಗ ಹೊಟ್ಟ್ಯಾಗಿಂದೆಲ್ಲಾ ಹೊರಗ ಬಂತ್ ನೋಡ್ರಿ. ಹುಬ್ಬಳ್ಳ್ಯಾಗ ಮಿರ್ಚಿ ಗಿರ್ಮಿಟ್ ಬಡದಿದ್ದೆ. ತಪ್ಪು ಘಟ್ಟದ್ದಲ್ಲ, ಮಿರ್ಚಿದು.

ಕುಡ್ಲದ ಕಿಟ್ಟ:
ಮಿರ್ಚಿ ತಿಂದು ಘಟ್ಟ ಇಳಿಯುವವರಿಗೆ ಶೌರ್ಯ ಪ್ರಶಸ್ತಿ ಕೊಡ್ಬೇಕು

ನಾನೇ_ನಾಗರತ್ನ:
ನನ್ನ ಪ್ರಕಾರ ಖಾಲಿ ಹೊಟ್ಟೇಲಿ ಕರ್ಕೊಂಡ್ ಹೋಗಿ, ಏನೂ ಇಲ್ದಿದ್ರೆ ಏನು ಬರುತ್ತೆ?

ಕಿವಿಮಾತು:
ನಾಗರತ್ನ ಅವರೇ, ದಯವಿಟ್ಟು ಅದೊಂದು ಬೇಡ. ಖಾಲಿ ಹೊಟ್ಟೇಲಿ ಪಿತ್ತ ಬರುತ್ತೆ, ಮೇಲೆ ಹೇಳಿದ್ರಲ್ಲ ಹಳದಿ ನೀರು, ಅದು. ಏನೂ ಬರದೆ ಓಕರಿಸೋದೇ ಜಾಸ್ತಿ ಹಿಂಸೆ.

ನಾನು ಕಿವಿ ಮೂಗು ಗಂಟಲು ವಿಭಾಗದಲ್ಲಿ ಕೆಲಸ ಮಾಡೋಳು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ ಬೈಕೋಬೇಡಿ. ಎಲ್ಲರೂ ಹೊಟ್ಟೆ ಹೊಟ್ಟೆ ಅಂತಿದ್ದಾರೆ ಆದ್ರೆ ಶುರುವಾಗೋದು ಕಿವೀಲಿ. ಒಳಕಿವೀಲಿ ಮೂರು ಅರ್ಧಚಂದ್ರದ ಥರ ಕೊಳವೆ ಇದೆ, ಒಳಗೆ ದ್ರವ. ತಲೆ ತಿರುಗಿದಾಗ ಆ ದ್ರವ ಹೊಯ್ದಾಡಿ "ತಿರುಗ್ತಾ ಇದೀವಿ" ಅಂತ ಮಿದುಳಿಗೆ ಹೇಳುತ್ತೆ. ಅದೇ ಹೊತ್ತಲ್ಲಿ ಮಗು ಮುಂದಿನ ಸೀಟಿನ ಬೆನ್ನನ್ನೋ ಮೊಬೈಲನ್ನೋ ನೋಡ್ತಿದ್ರೆ ಕಣ್ಣು "ಇಲ್ಲಪ್ಪ ಸುಮ್ನೆ ಕೂತಿದೀವಿ" ಅನ್ನುತ್ತೆ. ಈ ಎರಡು ಸಾಕ್ಷಿ ತಾಳೆ ಆಗದಾಗ ಮಿದುಳು ಗಲಿಬಿಲಿ ಆಗುತ್ತೆ, ಬೆವರು, ಆಕಳಿಕೆ, ಬಾಯಲ್ಲಿ ನೀರು, ಆಮೇಲೆ ವಾಂತಿ. ಏನೋ ವಿಷ ಹೊಟ್ಟೆ ಸೇರಿದೆ ಅಂತ ಮಿದುಳು ತಪ್ಪು ತಿಳ್ಕೊಂಡು ಹೊರಹಾಕುತ್ತೆ ಅನ್ನೋದು ಒಂದು ವಾದ. ಒಳಕಿವಿಯ ಈ ಭಾಗ ಪೂರ್ತಿ ಕೆಲಸ ನಿಲ್ಲಿಸಿರೋರಿಗೆ ಈ ತೊಂದರೆ ಬರೋದೇ ಇಲ್ಲ. ಬರೀ ಮನಸ್ಸಿನದಾಗಿದ್ರೆ ಅವರಿಗೂ ಬರಬೇಕಿತ್ತಲ್ವಾ? ಇದನ್ನ ನಿಮ್ಮೆಜಮಾನ್ರಿಗೆ ಓದಿಸಿ.

ಎರಡು ವರ್ಷದ ಒಳಗಿನ ಕೂಸುಗಳಿಗೆ ತುಂಬಾ ಕಮ್ಮಿ. ಆಮೇಲೆ ಶುರುವಾಗಿ ಶಾಲೆಗೆ ಹೋಗೋ ವಯಸ್ಸಲ್ಲಿ ಜಾಸ್ತಿ, ಹನ್ನೆರಡು ದಾಟಿದ ಮೇಲೆ ಸುಮಾರು ಮಕ್ಕಳಿಗೆ ತಾನಾಗೇ ಕಮ್ಮಿ ಆಗುತ್ತೆ. ಗಂಡಸರಿಗಿಂತ ಹೆಂಗಸರಿಗೆ, ಅದರಲ್ಲೂ ಮೈಗ್ರೇನ್ ಇರೋರಿಗೆ ಜಾಸ್ತಿ.

ಲಾಜಿಕ್ ಲಕ್ಕಪ್ಪ:
ಹಾಗಾದ್ರೆ ಡ್ರೈವರಿಗೆ ಯಾಕೆ ಬರಲ್ಲ? ಅವನಿಗೂ ಕಿವಿ ಇದೆಯಲ್ಲ

ಸ್ಟೇರಿಂಗ್ ಸೀನ:
ನಮಗೆ ಕಿವಿ ಇಲ್ಲ ಅಂತಲೇ ತಾನೇ ಜನ ಹಿಂದಿನಿಂದ ಅಷ್ಟು ಕಿರುಚೋದು

ಕಿವಿಮಾತು:
😂 ಡ್ರೈವರ್ ರಸ್ತೆನೇ ನೋಡ್ತಿರ್ತಾರೆ, ಮುಂದೆ ಎಡಕ್ಕೆ ತಿರುವು ಅಂತ ಮೈಗೆ ಮೊದಲೇ ಗೊತ್ತು, ತಿರುಗಿಸೋದೂ ಅವರೇ. ಅದಕ್ಕೆ ಮಗೂಗೂ ದೂರದ ರಸ್ತೆ, ಬೆಟ್ಟದ ಗೆರೆ ತೋರಿಸಿ ಅನ್ನೋದು. ಪಕ್ಕದ ಕಿಟಕೀಲಿ ಹತ್ತಿರದ ಮರಗಳು ಸರ್ರಂತ ಓಡೋದನ್ನ ನೋಡ್ಕೊಂಡು ಕೂತ್ರೆ ಇನ್ನೂ ಜಾಸ್ತಿ ಆಗುತ್ತೆ.

ತಿರುವಿನ ತಿಮ್ಮ:
ನನ್ನ ಹೆಂಡ್ತಿಗೆ ಕಾರಲ್ಲಿ ಪಕ್ಕದಲ್ಲಿ ಕೂತ್ರೆ ವಾಂತಿ, ಅವಳೇ ಓಡಿಸಿದ್ರೆ ಏನೂ ಇಲ್ಲ. ಆಗುಂಬೆ ಹದಿನಾಲ್ಕು ತಿರುವು ಅವಳೇ ಇಳಿಸಿದ್ಲು, ಹಾಡು ಹೇಳ್ಕೊಂಡು. ಪಕ್ಕದಲ್ಲಿ ಕೂತು ನನಗೆ ವಾಂತಿ ಬಂತು, ಅದು ಭಯಕ್ಕೆ.

ನಾನೇ_ನಾಗರತ್ನ:
ತಿಮ್ಮಣ್ಣ ಈ ಪೋಸ್ಟ್ ಅವರಿಗೆ ತೋರಿಸ್ಲಾ

ಸಕಲೇಶಪುರದವ:
ಮೊದಲ ಪ್ರಶ್ನೆ, ಚಾರ್ಮಾಡೀನೇ ಯಾಕೆ? ಶಿರಾಡಿ ಮೇಲೆ ಹೋಗಿ. ಹಾಸನ, ಸಕಲೇಶಪುರ, ಶಿರಾಡಿ ಇಳಿದು ಗುಂಡ್ಯ, ಅಲ್ಲಿಂದ ಧರ್ಮಸ್ಥಳದ ಕಡೆ ಹಿಡಿದು ಉಜಿರೆ. ಶಿರಾಡೀಲಿ ತಿರುವು ಇದೆ, ಇಲ್ಲ ಅನ್ನಲ್ಲ, ಆದ್ರೆ ಚಾರ್ಮಾಡಿ ಥರ ಮಡಚಿ ಮಡಚಿ ಇಟ್ಟ ಹಾಗಿಲ್ಲ. ಟ್ಯಾಂಕರ್ ಹಿಂದೆ ಸಿಕ್ಕಾಕೊಂಡ್ರೆ ಮಾತ್ರ ದೇವರೇ ಗತಿ, ಆ ಹೊಗೆ ಕುಡ್ಕೊಂಡು ಗಟ್ಟಿ ಮನುಷ್ಯನಿಗೂ ಹೊಟ್ಟೆ ತೊಳಸುತ್ತೆ.

ಇಲ್ಲಾಂದ್ರೆ ರೈಲು. ಬೆಂಗಳೂರಿಂದ ಮಂಗಳೂರು ಕಡೆ ಹಗಲು ರೈಲು ಹಿಡಿದು ಸುಬ್ರಹ್ಮಣ್ಯ ರೋಡ್‌ನಲ್ಲಿ, ಅಂದ್ರೆ ನೆಟ್ಟಣದಲ್ಲಿ ಇಳಿದ್ರೆ ಅಲ್ಲಿಂದ ಕಾರು. ಸಕಲೇಶಪುರದಿಂದ ಕೆಳಗೆ 57 ಸುರಂಗ, ರೈಲು ಆಮೆ ಥರ ಇಳಿಯುತ್ತೆ. ಮಗು ಸುರಂಗ ಎಣಿಸ್ಕೊಂಡು ಕೂರುತ್ತೆ, ವಾಂತಿ ನೆನಪೇ ಆಗಲ್ಲ.

ಕುಡ್ಲದ ಕಿಟ್ಟ:
ಶಿರಾಡಿ ಶಿರಾಡಿ ಅಂತೀರಿ, ಮಳೆಗಾಲದಲ್ಲಿ ಅದು ಯಾವಾಗ ಕುಸಿದು ಬಂದ್ ಆಗ್ತದೆ ಅಂತ ದೇವರಿಗೂ ಗೊತ್ತಿಲ್ಲ. ಆಮೇಲೆ ಎಲ್ಲಾ ಗಾಡಿ ಚಾರ್ಮಾಡಿಗೇ ಬರೋದು.

ಸಕಲೇಶಪುರದವ:
ಚಾರ್ಮಾಡಿ ಏನು ಕುಸಿಯೋದೇ ಇಲ್ವಾ? 2019ರಲ್ಲಿ ಏನಾಯ್ತು?

ಕುಡ್ಲದ ಕಿಟ್ಟ:
ಆಯ್ತು ಮಾರಾಯ್ರೆ, ಎರಡೂ ಕುಸೀತದೆ. ನಾವು ಕೆಳಗಿನವರು ಮೇಲೆ ಬರೋದೇ ಬೇಡ.

ತಿರುವಿನ ತಿಮ್ಮ:
ಇದು ಘಾಟಿ ಜಗಳ ಅಲ್ಲ, ವಾಂತಿ ವಿಷ್ಯ, ವಿಷ್ಯಕ್ಕೆ ಬನ್ನಿ 🙏

ಬಿಳಿಕೋಟು ಅಲ್ಲ:
ಮೆಡಿಕಲ್ ಶಾಪ್ ಇಟ್ಕೊಂಡಿದೀನಿ. ಜನ ಮಾಡೋ ತಪ್ಪು ಏನಂದ್ರೆ ಎರಡು ಸಲ ವಾಂತಿ ಆದ ಮೇಲೆ ದಾರೀಲಿ ಅಂಗಡಿ ಹುಡುಕಿ ಮಾತ್ರೆ ನುಂಗಿಸೋದು. ಅದು ಹೊಟ್ಟೇಲಿ ನಿಲ್ಲಬೇಕಲ್ಲ, ಮುಂದಿನ ತಿರುವಲ್ಲಿ ಅದೂ ಆಚೆ. ಅವೋಮಿನ್ ಅಂತ ಎಲ್ಲರೂ ಕೇಳ್ತಾರಲ್ಲ, ಪ್ರೊಮೆಥಜಿನ್, ಅದನ್ನ ಹೊರಡೋಕೆ ಒಂದೆರಡು ಗಂಟೆ ಮುಂಚೆ ಅಥವಾ ದೂರದ ಪ್ರಯಾಣ ಆದ್ರೆ ಹಿಂದಿನ ರಾತ್ರಿ ತಗೋಬೇಕು. ನಿದ್ದೆ ಬರುತ್ತೆ, ಗಾಡಿ ಓಡಿಸೋರು ಮುಟ್ಟಲೇಬಾರದು. ಎರಡು ವರ್ಷದ ಒಳಗಿನ ಮಗೂಗೆ ಕೊಡೋದೇ ಇಲ್ಲ. ದೊಡ್ಡ ಮಕ್ಕಳಿಗೂ ಎಷ್ಟು ಅಂತ ಮಕ್ಕಳ ಡಾಕ್ಟರ್ ತೂಕ ನೋಡಿ ಹೇಳಬೇಕು, ನಾನು ಇಲ್ಲಿ ಬರೆಯಲ್ಲ, ಬರೆಯೋದೂ ತಪ್ಪು.

ಇನ್ನೊಂದು, ಹೊಟ್ಟೆ ಕೆಟ್ಟಾಗ ಮಕ್ಕಳಿಗೆ ಬರೆದುಕೊಡೋ ಒಂಡಾನ್ಸೆಟ್ರಾನ್ ಸಿರಪ್ ಮನೇಲಿ ಉಳಿದಿರುತ್ತೆ, ಅದನ್ನೇ ಕೊಡ್ತಾರೆ. ಕೆಟ್ಟ ಊಟದ ವಾಂತಿಗೆ ಅದು ಸರಿ, ಈ ಪ್ರಯಾಣದ ವಾಂತಿಗೆ ಅದರಿಂದ ಅಷ್ಟೇನೂ ಉಪಯೋಗ ಇಲ್ಲ. ಎರಡರ ದಾರಿನೇ ಬೇರೆ.

ಗೋಣಿಕೊಪ್ಪ ಗೀತಾ:
ಮೇಲಿನವರು ಹೇಳಿದ್ದಕ್ಕೆ ನಂದೊಂದು ಸೇರಿಸ್ತೀನಿ. ನನ್ನ ಅಕ್ಕನ ಮಗನಿಗೆ ಒಂಬತ್ತು ವರ್ಷ ಇದ್ದಾಗ ಯಾರೋ ನೆಂಟರು ಅವರ ಪರ್ಸಲ್ಲಿದ್ದ ತಲೆಸುತ್ತಿನ ಮಾತ್ರೆ, ಪ್ರೊಕ್ಲೋರ್‌ಪೆರಜಿನ್ ಅಂತೆ, ಅದನ್ನ ಕೊಟ್ರು, ಅವರಿಗೆ ಡಾಕ್ಟರ್ ಬರೆದಿದ್ದು. ಮಗು ಸಾಯಂಕಾಲ ಕುತ್ತಿಗೆ ಒಂದು ಕಡೆ ತಿರುಚ್ಕೊಂಡು ಕಣ್ಣು ಮೇಲೆ ಮಾಡ್ಕೊಂಡು ಕೂತುಬಿಡ್ತು. ಮನೇಲಿ ಎಲ್ಲರೂ ಗಾಳಿ ಸೋಕಿದೆ, ಘಾಟಿಯಿಂದ ಏನೋ ಹಿಡ್ಕೊಂಡು ಬಂದಿದೆ ಅಂತ ಕಾಯಿ ಒಡೆಯೋಕೆ ಹೊರಟಿದ್ರು. ಆಸ್ಪತ್ರೆಗೆ ಓಡಿದ್ವಿ, ಒಂದು ಇಂಜೆಕ್ಷನ್, ಅರ್ಧ ಗಂಟೇಲಿ ಸರಿ ಹೋಯ್ತು. ಮಾತ್ರೆದೇ ಸೈಡ್ ಎಫೆಕ್ಟ್ ಅಂದ್ರು ಡಾಕ್ಟ್ರು, ಮಕ್ಕಳಲ್ಲಿ ಆಗುತ್ತಂತೆ. ಆವತ್ತಿಂದ ನೆಂಟರ ಪರ್ಸ್ ಅಂದ್ರೆ ನನಗೆ ಭಯ.

ಕಿವಿಮಾತು:
ಹೌದು, ಇದನ್ನ ಎಲ್ಲರೂ ಓದಿ. ಬೇರೆಯವರ ಮಾತ್ರೆ ಮಕ್ಕಳಿಗೆ ಕೊಡಬೇಡಿ. ಬಸುರಿ ಹೆಂಗಸರೂ ಅಷ್ಟೇ, ಡಾಕ್ಟರ್ ಕೇಳದೆ ಯಾವುದೂ ಬೇಡ.

ಮೈಸೂರ್ ಮಲ್ಲಿಗೆ_62:
ಮಾತ್ರೆ ಗೀತ್ರೆ ಎಲ್ಲಾ ಆಮೇಲೆ. ಶುಂಠಿನ ಸಣ್ಣಗೆ ಹೆಚ್ಚಿ ನಿಂಬೆರಸ ಉಪ್ಪು ಹಾಕಿ ಎರಡು ದಿನ ಬಿಸಿಲಲ್ಲಿ ಒಣಗಿಸಿ ಡಬ್ಬೀಲಿ ಹಾಕ್ಕೊಳಿ. ದಾರೀಲಿ ಒಂದೊಂದೇ ಚೂರು ದವಡೇಲಿ ಇಟ್ಕೊಂಡು ಚೀಪೋದು. ಹುಣಸೆಹಣ್ಣಿನ ಚಿಗಳಿನೂ ಒಳ್ಳೇದು, ಮಕ್ಕಳು ಶುಂಠಿ ಖಾರ ಅಂತ ಉಗೀತಾವೆ, ಚಿಗಳಿ ಉಗಿಯಲ್ಲ.

ಲಾಜಿಕ್ ಲಕ್ಕಪ್ಪ:
ಇದನ್ನ ಒಪ್ತೀನಿ. ಶುಂಠಿ ವಿಷ್ಯದಲ್ಲಿ ಸಂಶೋಧನೆಗಳು ನಡೆದಿವೆ, ಕೆಲವದರಲ್ಲಿ ಗುಣ ಇದೆ ಅಂತ, ಕೆಲವದರಲ್ಲಿ ಇಲ್ಲ ಅಂತ. ಪೇಪರಿಗಿಂತ ಸಾವಿರ ಪಾಲು ಮೇಲು.

ಮೈಸೂರ್ ಮಲ್ಲಿಗೆ_62:
ಮತ್ತೆ ಪೇಪರ್ ತಂದ್ಯಾ

ಶಿರಸಿ ಸುಬ್ಬಿ:
ನಮ್ಮಲ್ಲಿ ಒಣಗಿಸಿದ ಉಪ್ಪು ನೆಲ್ಲಿಕಾಯಿ. ದೇವಿಮನೆ ಘಟ್ಟ ಇಳಿದು ಕುಮಟಾ ಹೋಗುವವರ ಚೀಲದಲ್ಲಿ ಅದು ಇಲ್ಲದಿದ್ದರೆ ಅವರು ಶಿರಸಿಯವರೇ ಅಲ್ಲ 🙂

ಅಮ್ಮಿ_ಆಂಟಿ:
ಎಲ್ಲರೂ ಒಂದು ಮರ್ತಿದೀರ. ವಾಸನೆ! ಮದುವೆ ಟಿಟಿ ಅಂದ್ರೆ ಏನು, ಹೆಂಗಸರ ತಲೇಲಿ ನಾಲ್ಕು ನಾಲ್ಕು ಮೊಳ ಮಲ್ಲಿಗೆ, ಗಂಡಸರ ಸೆಂಟು, ಡ್ಯಾಶ್‌ಬೋರ್ಡ್ ಮೇಲೆ ಗಾಡಿಯವನ ಸ್ಟ್ರಾಬೆರಿ ಪರ್ಫ್ಯೂಮ್, ಯಾರೋ ಹಿಂದಿನ ಸೀಟಲ್ಲಿ ಡಬ್ಬಿ ತೆಗೆದು ಚಿತ್ರಾನ್ನ ಶುರು ಹಚ್ಕೊಂಡಿರ್ತಾರೆ, ಮೇಲೆ ಕಿಟಕಿ ಮುಚ್ಚಿ ಎಸಿ. ನನಗೆ ಈಗ ಟೈಪ್ ಮಾಡ್ತಾನೇ ಹೊಟ್ಟೆ ತೊಳಸ್ತಿದೆ. ಹೂವು ಇಳಿದ ಮೇಲೆ ಮುಡ್ಕೊಳಿ ಅಂತ ಎಲ್ಲರಿಗೂ ಮೊದಲೇ ಹೇಳ್ಬಿಡಿ, ಒದ್ದೆ ಬಟ್ಟೇಲಿ ಸುತ್ತಿ ಡಬ್ಬೀಲಿ ಇಟ್ರೆ ಬಾಡಲ್ಲ.

ಸ್ಟೇರಿಂಗ್ ಸೀನ:
ಆ ಪರ್ಫ್ಯೂಮ್ ನಾವಿಡೋದು ಹಿಂದಿನ ಪಾರ್ಟಿಯವರ ವಾಂತಿ ವಾಸನೆ ಹೋಗ್ಲಿ ಅಂತ ಮೇಡಂ 🙏 ತೆಗೀರಿ ಅಂದ್ರೆ ತೆಗೀತೀವಿ, ಕೇಳಿ ಅಷ್ಟೇ.

ಬೈಕ್ ಬಸ್ಯ:
ಕಿಟಕಿ ವಿಷ್ಯ ಬಂತು ಅಂತ ಹೇಳ್ತೀನಿ. ದಯವಿಟ್ಟು ಕಿಟಕಿಯಿಂದ ಆಚೆ ವಾಂತಿ ಮಾಡೋ ಮುಂಚೆ ಹಿಂದೆ ಯಾರಿದ್ದಾರೆ ನೋಡ್ರಪ್ಪಾ. ಮೂರು ವರ್ಷದ ಹಿಂದೆ ಶಿರಾಡೀಲಿ ಒಂದು ಬಸ್ ಹಿಂದೆ ಬೈಕಲ್ಲಿ ಹೋಗ್ತಿದ್ದೆ, ಹೆಲ್ಮೆಟ್ ವೈಸರ್ ಎತ್ತಿದ್ದೆ. ಉಳಿದಿದ್ದು ಹೇಳಲ್ಲ. ಆವತ್ತು ಅನ್ನದ ಅಗುಳು ಎಣಿಸಬಹುದಿತ್ತು.

ನಾನೇ_ನಾಗರತ್ನ:
ಛೀ ಊಟ ಮಾಡ್ತಾ ಓದ್ತಿದ್ದೆ

ಕುಡ್ಲದ ಕಿಟ್ಟ:
😂😂😂 ವೈಸರ್ ಯಾಕೆ ಎತ್ತಿದ್ದು ಮಾರಾಯ್ರೆ

ಶಿರಸಿ ಸುಬ್ಬಿ:
ಕವರಿನ ಬಗ್ಗೆ ನಾನು ಹೇಳ್ತೆ. ತರಕಾರಿ ಕವರಿಗೆ ಗಾಳಿ ಆಡಲಿ ಅಂತ ತೂತು ಇರ್ತದೆ, ನೆನಪಿರಲಿ. ನನ್ನ ಸೀರೆ ಒಂದು ಹಾಗೇ ಹಾಳಾಯ್ತು. ಬೀನ್ಸ್ ತಂದ ಕವರು, ತುದಿಯಲ್ಲಿ ಸಾಲಾಗಿ ತೂತು, ಮಗ ಅದರಲ್ಲಿ ವಾಂತಿ ಮಾಡಿದ, ನಾನು ಭದ್ರವಾಗಿ ಬಾಯಿ ಕಟ್ಟಿ ತೊಡೆ ಮೇಲೆ ಇಟ್ಕೊಂಡೆ, ಬೆಚ್ಚಗೆ ಏನೋ ಇಳೀತಾ ಇದೆ ಅಂತ ನೋಡಿದ್ರೆ... ಅದಕ್ಕೆ ಮನೆಯಲ್ಲೇ ಕವರಿಗೆ ಗಾಳಿ ತುಂಬಿಸಿ ಹಿಡಿದು ನೋಡಿ, ಬುಸ್ ಅಂದ್ರೆ ಬೇಡ. ಒಂದರೊಳಗೊಂದು ಎರಡು ಹಾಕಿ, ತಳಕ್ಕೆ ಹಳೇ ಪೇಪರ್ ತುಂಡು.

ಮೈಸೂರ್ ಮಲ್ಲಿಗೆ_62:
ನೋಡಿದ್ರಾ, ಪೇಪರ್ ಬಂತು.

ಹಡಗಿನ ಹುಡುಗ:
ಮಲ್ಪೆ ಕಡೆಯವ, ಈಗ ಸರಕು ಹಡಗಲ್ಲಿ ಕೆಲಸ. ನೀವು ಅರ್ಧ ಗಂಟೆ ಘಾಟಿಗೆ ಇಷ್ಟು ಹೆದರ್ತೀರಿ, ನಮಗೆ ಹವಾ ಕೆಟ್ಟರೆ ನಾಲ್ಕು ದಿನ ಇದೇ. ಅಪ್ಪ ಅಜ್ಜ ಎಲ್ಲ ಮೀನಿಗೆ ಹೋದವರು, ನನಗೆಂತ ಆಗ್ತದೆ ಅಂತ ಹೊರಟೆ. ಮೊದಲ ಸಲ ಮೂರು ದಿನ ಬಕೆಟ್ ತಬ್ಬಿಕೊಂಡು ಮಲಗಿದ್ದೆ. ನಾಲ್ಕನೇ ದಿನ ಹಸಿವೆ ಶುರು. ಕಿವಿ ಅಭ್ಯಾಸ ಮಾಡ್ಕೊಳ್ತದೆ, ಆದ್ರೆ ರಜೆ ಮುಗಿಸಿ ಬಂದ್ರೆ ಮತ್ತೆ ಒಂದನೇ ಕ್ಲಾಸಿಂದ. ಇಂಗ್ಲಿಷಿನ ನಾಸಿಯಾ ಅನ್ನೋ ಶಬ್ದ ಹುಟ್ಟಿದ್ದೇ ಗ್ರೀಕರ ಹಡಗು ಅನ್ನೋ ಶಬ್ದದಿಂದ. ಡಾರ್ವಿನ್ 1831ರಲ್ಲಿ ಬೀಗಲ್ ಹಡಗು ಹತ್ತಿ 1836ರಲ್ಲಿ ಇಳಿಯೋವರೆಗೂ ಆ ಮನುಷ್ಯನಿಗೆ ಕಡಲು ಒಗ್ಗಲೇ ಇಲ್ಲ. ಹಾಗಾಗಿ ಯಾರೂ ನಾಚ್ಕೊಳ್ಬೇಡಿ.

ಹಡಗಲ್ಲಿ ನಮಗೆ ಹೇಳಿಕೊಡೋದು ಏನಂದ್ರೆ ಹಡಗಿನ ನಡುವೆ ಇರು, ಹೊರಗೆ ಬಾ, ಕಡಲು ಆಕಾಶ ಸೇರೋ ಗೆರೆ ನೋಡು, ಒಣ ಬಿಸ್ಕತ್ತು ಕಡಿ. ಪರದೇಶದಲ್ಲಿ ಕಿವಿ ಹಿಂದೆ ಅಂಟಿಸೋ ಪಟ್ಟಿ ಸಿಗ್ತದೆ, ಒಂದು ಅಂಟಿಸಿದ್ರೆ ಮೂರು ದಿನ. ಬಾಯಿ ಒಣಗಿ ಕಟ್ಟಿಗೆ ಆಗ್ತದೆ, ಕಣ್ಣು ಮಂಜು. ಅದು ದೊಡ್ಡವರಿಗೆ, ಮಕ್ಕಳಿಗಲ್ಲ.

ಐಟಿ_ಐರಾವತ:
ನನ್ನ ಕಥೆ ಬೇರೆ. ಘಾಟಿ ಎಲ್ಲಾ ಏನೂ ಆಗಲ್ಲ, ಬೆಂಗಳೂರಲ್ಲಿ ಎಲೆಕ್ಟ್ರಿಕ್ ಕ್ಯಾಬ್ ಹತ್ತಿದ್ರೆ ಆಗುತ್ತೆ. ಕಾಲು ಎತ್ತಿದ ತಕ್ಷಣ ಗಾಡಿ ತಾನೇ ಬ್ರೇಕ್ ಹಿಡಿಯುತ್ತೆ, ಡ್ರೈವರ್ ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡ್ತಾನೆ, ಹೊರವರ್ತುಲ ರಸ್ತೆ ಟ್ರಾಫಿಕ್ಕಲ್ಲಿ ಲ್ಯಾಪ್‌ಟಾಪ್ ಬೇರೆ ತೆಗೆದಿರ್ತೀನಿ. ಐಫೋನಲ್ಲಿ 2024ರಿಂದ ಒಂದು ಆಪ್ಷನ್ ಬಂದಿದೆ, ಸ್ಕ್ರೀನಿನ ಅಂಚಲ್ಲಿ ಚುಕ್ಕೆಗಳು ಗಾಡಿ ತಿರುಗಿದ ಹಾಗೆ ಓಡಾಡುತ್ತೆ. ನನಗೆ ಸ್ವಲ್ಪ ಪರವಾಗಿಲ್ಲ.

ಅಮ್ಮಿ_ಆಂಟಿ:
ಫೋನ್ ಕೆಳಗಿಡೋದು ಅಂತ ಒಂದು ಆಪ್ಷನ್ ಮೊದಲಿಂದಲೂ ಇದೆಯಲ್ಲಪ್ಪ

ಐಟಿ_ಐರಾವತ:
ಮ್ಯಾನೇಜರಿಗೆ ಯಾರು ಹೇಳೋದು ಆಂಟಿ

ತಿರುವಿನ ತಿಮ್ಮ:
ಐರಾವತ ಹೇಳಿದ್ದರಲ್ಲಿ ಒಂದು ಸತ್ಯ ಇದೆ, ಅರ್ಧ ಖಾಯಿಲೆ ಡ್ರೈವರಿಂದ. ಸೀನಣ್ಣ ಬೇಜಾರ್ ಮಾಡ್ಕೋಬೇಡಿ. ನಾವು ಒಂದ್ಸಲ ಮಸಿನಗುಡಿಯಿಂದ ಕಲ್ಲಟ್ಟಿ ಮೇಲೆ ಊಟಿಗೆ ಹೋದ್ವಿ, 36 ಹೇರ್‌ಪಿನ್. ಡ್ರೈವರ್ ಪುಣ್ಯಾತ್ಮ ಪ್ರತಿ ತಿರುವಿಗೂ ಓಡಿಸ್ಕೊಂಡು ಹೋಗಿ ಗಕ್ ಅಂತ ಬ್ರೇಕು. ಹತ್ತನೇ ತಿರುವಿಗೆ ಗಾಡೀಲಿ ಏಳು ಜನರಲ್ಲಿ ಐದು ಜನ ಔಟ್. ಬರುವಾಗ ಬೇರೆ ಡ್ರೈವರ್, ವಯಸ್ಸಾದವರು, ಗೂಡಲೂರು ಮೇಲೆ ಇಳಿಸಿದ್ರು, ಒಬ್ಬರೂ ಕಮಕ್ ಕಿಮಕ್ ಅನ್ನಲಿಲ್ಲ.

ಸ್ಟೇರಿಂಗ್ ಸೀನ:
ಬೇಜಾರ್ ಏನಿಲ್ಲ, ನಿಜನೇ. ನನಗೆ ಕಲಿಸಿದ ಗುರುಗಳು ಡ್ಯಾಶ್‌ಬೋರ್ಡ್ ಮೇಲೆ ಲೋಟದಲ್ಲಿ ಮುಕ್ಕಾಲು ನೀರು ಇಟ್ಟು ಓಡಿಸು ಅನ್ನೋರು. ಚೆಲ್ಲಿದ್ರೆ ತಲೆ ಮೇಲೆ ಒಂದು. ಇಳುಕಲಲ್ಲಿ ಸೆಕೆಂಡ್ ಗೇರಲ್ಲೇ ಬಿಟ್ಕೊಂಡು ತಿರುವಿಗೆ ಮುಂಚೆನೇ ನಿಧಾನ ಆಗಬೇಕು, ತಿರುವಿನೊಳಗೆ ಬ್ರೇಕ್ ತುಳಿಯಬಾರದು. ಈಗಿನ ಹುಡುಗರಿಗೆ ಟೈಮಿಲ್ಲ. ಆದ್ರೆ ಪಾರ್ಟಿಯವರೂ ಮುಹೂರ್ತ 9:40ಕ್ಕೆ ಇಟ್ಕೊಂಡು ಬೆಂಗಳೂರಿಂದ ರಾತ್ರಿ ಎರಡು ಗಂಟೆಗೆ ಹೊರಟ್ರೆ ನಾವೇನ್ ಮಾಡೋಣ ಹೇಳಿ?

ಪುಟ್ಟಿಯಮ್ಮ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟೊಂದು ಬರುತ್ತೆ ಅಂದ್ಕೊಂಡಿರ್ಲಿಲ್ಲ. ಕಿವಿಮಾತು ಅವರ ಪೋಸ್ಟ್ ಎಜಮಾನ್ರಿಗೆ ಓದಿಸ್ದೆ, "ಹೂಂ" ಅಂದ್ರು, ಅಷ್ಟೇ. ಊಟ ಏನ್ ಕೊಡ್ಲಿ ಅಂತ ಮಾತ್ರ ಇನ್ನೂ ಗೊಂದಲ. ಕೊಟ್ಟಿಗೆಹಾರದಲ್ಲಿ ತಿಂಡಿಗೆ ನಿಲ್ಲಿಸೋದು ಅಂತ ಪ್ಲಾನ್ ಇದೆ.

ಕುಡ್ಲದ ಕಿಟ್ಟ:
ಕೊಟ್ಟಿಗೆಹಾರದಲ್ಲಿ ನಿಂತು ನೀರ್ ದೋಸೆ ತಿನ್ನದೆ ಘಾಟಿ ಇಳಿಯುವುದು ಪಾಪ. ದೊಡ್ಡವರು ತಿನ್ನಿ. ಮಗುವಿಗೆ ಒಂದೇ ಒಂದು ದೋಸೆ, ಕೋಳಿ ಸಾರು ಬೇಡ, ತೆಂಗಿನಕಾಯಿ ಬೆಲ್ಲವೂ ಬೇಡ. ತಿಂದ ಮೇಲೆ ಅರ್ಧ ಗಂಟೆ ಅಲ್ಲೇ ಮಂಜಿನಲ್ಲಿ ನಡೆಸಿ, ಆಮೇಲೆ ಹತ್ತಿಸಿ.

ಕಿವಿಮಾತು:
ಮೂಡಿಗೆರೆ ಮುಂಚೆನೇ ಎರಡು ಇಡ್ಲಿ ಕೊಟ್ಟು ಮುಗಿಸಿಬಿಡಿ ಅಂತ ನಾನು ಹೇಳ್ತೀನಿ. ಹಾಲು, ಕಾಫಿ, ಎಣ್ಣೆದು ಬೇಡ. ನೀರು ಗುಟುಕು ಗುಟುಕಾಗಿ. ಮಕ್ಕಳ ಡಾಕ್ಟರ್ ಮಾತ್ರೆ ಬರೆದುಕೊಟ್ರೆ ಮನೇಲೇ ಇರೋ ಒಂದು ರಜಾ ದಿನ ಮೊದಲು ಕೊಡಬಹುದಾ ಅಂತ ಅವರನ್ನೇ ಕೇಳಿ, ಕೆಲವು ಮಕ್ಕಳಿಗೆ ನಿದ್ದೆ ಬದಲು ಉಲ್ಟಾ ಹಾರಾಟ ಶುರುವಾಗುತ್ತೆ. ಅದು ಮದುವೆ ದಿನ ಗೊತ್ತಾಗೋದು ಬೇಡ.

ಬೆಳಗಾವಿ_ಬಸು:
ಮಣಿಕಟ್ಟಿಗೆ ಕಟ್ಟೂ ಪಟ್ಟಿ ಬರ್ತದಲ್ರಿ, ಆನ್‌ಲೈನ್‌ದಾಗ, ಗುಂಡಿ ಇರೂದು, ಅದು ಹೆಂಗ?

ಲಾಜಿಕ್ ಲಕ್ಕಪ್ಪ:
ಅಂಗೈಯಿಂದ ಮೂರು ಬೆರಳು ಕೆಳಗೆ ಒತ್ತೋದು. ಕೆಲವರು ಆಣೆ ಮಾಡಿ ಆಗುತ್ತೆ ಅಂತಾರೆ. ಪುರಾವೆ ಗಟ್ಟಿ ಇಲ್ಲ. ಅಪಾಯ ಇಲ್ಲ. ಪೇಪರ್ ಸಾಲಿಗೇ ಸೇರಿಸ್ತೀನಿ, ಅಜ್ಜಿ ಬೈಯೋದ್ರೊಳಗೆ ಓಡ್ತೀನಿ

ಮೈಸೂರ್ ಮಲ್ಲಿಗೆ_62:
ಅಜ್ಜಿ ಯಾರೋ ನಿನಗೆ. ಅರವತ್ತೆರಡು ಅಂದ್ರೆ ನಾ ಹುಟ್ಟಿದ ಇಸವಿ.

ನಾನೇ_ನಾಗರತ್ನ:
ಅಂದ್ರೂ ಅಜ್ಜೀನೇ ಅಲ್ವಾ ಮೇಡಂ 😅

(ಐದು ವಾರದ ನಂತರ)

ಪುಟ್ಟಿಯಮ್ಮ:
ಹೇಳ್ತೀನಿ ಅಂತ ಹೇಳಿ ಮರ್ತೇಬಿಟ್ಟಿದ್ದೆ, ಮದುವೆ ಮನೆ ಕೆಲಸ. ಆದದ್ದು ಇಷ್ಟು. ಮಕ್ಕಳ ಡಾಕ್ಟರ್ ಹತ್ರ ಹೋದ್ವಿ, ತೂಕ ನೋಡಿ ಮಾತ್ರೆ ಬರೆದ್ರು. ಒಂದು ಭಾನುವಾರ ಕೊಟ್ಟು ನೋಡಿ ಅಂತ ಅವರೂ ಅಂದ್ರು, ಚೆನ್ನಾಗಿ ನಿದ್ದೆ ಮಾಡಿದ್ಲು. ಸೀಟಿನ ವಿಷ್ಯಕ್ಕೆ ಸಣ್ಣ ಯುದ್ಧ ಆಯ್ತು. ಕೊನೆಗೆ ನಮ್ಮ ಮಾವನವರೇ ಎದ್ದು ಎರಡನೇ ಸಾಲಿಗೆ ಹೋದ್ರು, ಹೋಗುವಾಗ "ನಮ್ಮ ಕಾಲದಲ್ಲಿ ಲಾರೀಲಿ ನಿಂತ್ಕೊಂಡು ಹೋಗ್ತಿದ್ವಿ" ಅಂತ ಒಂದು ಮಾತು ಬಿಟ್ಟು. ಹೂವೆಲ್ಲಾ ಸ್ಟೀಲ್ ಡಬ್ಬಿಗೆ. ಡ್ರೈವರಿಗೆ ಮೊದಲೇ ಹೇಳಿದ್ವಿ, ಪಾಪ ಪರ್ಫ್ಯೂಮ್ ತೆಗೆದು ನಿಧಾನ ಇಳಿಸಿದ್ರು, ಅಣ್ಣಪ್ಪ ಸ್ವಾಮಿ ಗುಡಿ ಹತ್ರ ಐದು ನಿಮಿಷ ನಿಲ್ಲಿಸಿ ಕೈಮುಗಿದು ಗಾಳಿ ಕುಡಿದು ಹೊರಟ್ವಿ. ನನ್ನ ಮಗಳು ಬೆಟ್ಟ ನೋಡ್ಕೊಂಡು ಹಾಗೇ ನಿದ್ದೆಗೆ ಜಾರಿದೋಳು ಉಜಿರೆ ಪೇಟೇಲಿ ಎದ್ದು "ಅಮ್ಮಾ ಘಾಟಿ ಯಾವಾಗ ಬರುತ್ತೆ" ಅಂದ್ಲು!! ನಾನು ಅತ್ತೇಬಿಟ್ಟೆ.

ಕುಡ್ಲದ ಕಿಟ್ಟ:
👏👏 ಚಾರ್ಮಾಡಿಗೆ ಜೈ. ಸಕಲೇಶಪುರದವರು ಎಲ್ಲಿದ್ದೀರಿ

ಪುಟ್ಟಿಯಮ್ಮ:
ಇನ್ನೂ ಮುಗಿದಿಲ್ಲ ಕಿಟ್ಟಣ್ಣ. ಬರುವಾಗ ಹತ್ತೋವಾಗಲೂ ಏನೂ ಇಲ್ಲ. ಹಾಸನ ದಾಟಿ ಚನ್ನರಾಯಪಟ್ಟಣ ಹತ್ರ, ಸ್ಕೇಲ್ ಇಟ್ಟು ಗೀಟಿದ ಹಾಗಿರೋ ಹೈವೇ, ಇನ್ನೇನು ಗೆದ್ದೆ ಅಂತ ನಾನು ಕಣ್ಣು ಮುಚ್ಚಿದೀನಿ, ಎಜಮಾನ್ರು ಮಗು ಹಠ ಮಾಡ್ತು ಅಂತ ಫೋನ್ ಕೊಟ್ಟು ಕಾರ್ಟೂನ್ ಹಾಕಿದ್ದಾರೆ. ಕೈಯಲ್ಲಿ ಮದುವೆ ಮನೆ ಲಾಡು. ಇಪ್ಪತ್ತು ನಿಮಿಷ. ಮಾವನವರ ಹೊಸ ಪಂಚೆ, ಫೋನು, ಸೀಟು, ಎಲ್ಲಾ.

ಸಕಲೇಶಪುರದವ:
ಶಿರಾಡಿ ಮೇಲೆ ಬಂದಿದ್ರೆ...

ತಿರುವಿನ ತಿಮ್ಮ:
ಚನ್ನರಾಯಪಟ್ಟಣದ ಹೈವೇಲಿ ವಾಂತಿ ಮಾಡೋಕೆ ನಿಜವಾಗ್ಲೂ ಪ್ರತಿಭೆ ಬೇಕು 😂

ಪುಟ್ಟಿಯಮ್ಮ:
ಈಗ ಗಾಡಿಯವರು ಕ್ಲೀನಿಂಗಿಗೆ ಅಂತ ಕಾಸು ಇಸ್ಕೊಂಡ್ರು, ಸರಿ, ತಪ್ಪು ನಮ್ದೇ. ಆದ್ರೆ ಮಗೂದು ದಿಂಬು, ಬ್ಯಾಗು ವಾಸನೆ ಇನ್ನೂ ಹೋಗಿಲ್ಲ. ಏನಾದ್ರೂ ಇದೆಯಾ?

ಸ್ಟೇರಿಂಗ್ ಸೀನ:
ಅಡುಗೆ ಸೋಡಾ ಉದುರಿಸಿ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಕೊಡವಿ ಬಿಸಿಲಿಗೆ ಹಾಕಿ. ಗಾಡೀಲಾದ್ರೆ ನಾವು ಸೀಟಿನ ಕೆಳಗೆ ಅಗಲ ತಟ್ಟೇಲಿ ಕಾಫಿ ಪುಡಿ ಇಡ್ತೀವಿ, ಎರಡು ದಿನ ಬಾಗಿಲು ಹಾಕಿ. ಬಿಸಿ ನೀರು ಮಾತ್ರ ಹಾಕಬೇಡಿ.

ಮೈಸೂರ್ ಮಲ್ಲಿಗೆ_62:
ಒಂದು ಕೇಳ್ತೀನಿ ನಿಜ ಹೇಳಮ್ಮ. ಪೇಪರ್ ಹಾಸಿದ್ಯಾ ಇಲ್ವಾ?

ಪುಟ್ಟಿಯಮ್ಮ:
ಹಾಸಿದ್ದೆ ಮೇಡಂ, ಅತ್ತೆ ಬಿಡ್ತಾರಾ. ಹೋಗ್ತಾನೂ ಬರ್ತಾನೂ ಅದೇ ಪೇಪರ್. ಅವಳು ಮುಂದಕ್ಕೆ ಬಗ್ಗಿದ್ರಿಂದ ಇಡೀ ಗಾಡೀಲಿ ಒಂದು ಚೂರೂ ನೆನೆಯದೆ ಒಣಗಿ ಉಳಿದಿದ್ದು ಅದೊಂದೇ.

ಮೈಸೂರ್ ಮಲ್ಲಿಗೆ_62:
ನಾನು ಹೇಳ್ಲಿಲ್ವಾ.